ಬಿಳಿ ಮರದಂಟು: ಮೂರು ವರ್ಷ ಬಳಸಿದ ಮೇಲೆ

ಬಾಟಲಿ ಮೇಲೆ 'ಮರಕ್ಕಿಂತ ಗಟ್ಟಿ' ಅಂತ ಬರೆದಿರುತ್ತದೆ. ಅದೇನೂ ಸುಳ್ಳಲ್ಲ. ಆದರೆ ಅದು ಹೊಸದಾಗಿ ಕೆತ್ತಿದ ಮರದ ಮಾತು. ಹಳೇ ಕುರ್ಚಿಯ ಲೆಕ್ಕವೇ ಬೇರೆ.

ಪಿವಿಎ ಅಂತಾರಲ್ಲ, ಆ ಮಾಮೂಲಿ ಬಿಳಿ ಅಂಟನ್ನೇ ಮೂರು ವರ್ಷದಿಂದ ಕುರ್ಚಿ, ಸ್ಟೂಲು, ಡ್ರಾಯರ್ ಎಲ್ಲಕ್ಕೂ ಹಚ್ಚುತ್ತಿದ್ದೇನೆ. ಮೊದಲ ಕುರ್ಚಿಯ ಕೀಲು ಬಿಚ್ಚುವುದಕ್ಕೆ ಸೋಮಾರಿತನ. ಸಂದಿಗೆ ಸಿರಿಂಜಿನಲ್ಲಿ ಅಂಟು ತೂರಿಸಿ, ಕ್ಲಾಂಪ್ ಇಲ್ಲದ್ದಕ್ಕೆ ಕಾಲುಗಳ ಸುತ್ತ ಹಗ್ಗ ಕಟ್ಟಿ, ಹಗ್ಗದೊಳಗೆ ಕೋಲು ಸಿಕ್ಕಿಸಿ ತಿರುವಿ ಬಿಗಿ ಮಾಡಿಟ್ಟೆ. ಮರುದಿನ ಕಲ್ಲಿನ ಹಾಗೆ ನಿಂತಿತ್ತು. ಆರು ತಿಂಗಳಿಗೆ ಮತ್ತೆ ಕಿರ್ ಕಿರ್! ಬಿಚ್ಚಿ ನೋಡಿದರೆ ನಾನು ಹಾಕಿದ ಅಂಟು ಸಿಪ್ಪೆ ಸುಲಿದ ಹಾಗೆ ಎದ್ದು ಬಂತು. ಇದು ಮರದ ನಾರಿನೊಳಗೆ ಇಳಿದು ಹಿಡಿಯುವ ಅಂಟು. ಒಣಗಿದ ಹಳೇ ಅಂಟಿನ ಮೇಲೆ ಸುರಿದರೆ ಇಳಿಯುವುದಾದರೂ ಎಲ್ಲಿಗೆ?

ಹಾಗಾಗಿ ಈಗ ಅರ್ಧ ದಿನ ಬರೀ ಕೆರೆಯುವ ಕೆಲಸ. ತುಂಬ ಹಳೇ ಸಾಮಾನಿನಲ್ಲಿ ಇರುವುದು ಪ್ರಾಣಿಗಳ ಚರ್ಮ, ಮೂಳೆಯಿಂದ ಮಾಡಿದ ಅಂಟು. ಕಂದು ಬಣ್ಣ, ಗಾಜಿನ ಹಾಗೆ ಚೂರಾಗುತ್ತದೆ. ಬಿಸಿನೀರಿನ ಬಟ್ಟೆ ಸುತ್ತಿಟ್ಟರೆ ಮೆತ್ತಗಾಗುತ್ತದೆ, ಪಾಪ. ಹಳೇ ಬಿಳಿ ಅಂಟು ಅಷ್ಟು ಸುಲಭಕ್ಕೆ ಬಗ್ಗುವುದಿಲ್ಲ. ಬಿಸಿ ವಿನೆಗರ್ ಹಚ್ಚಿ ಕಾಯಬೇಕು, ಆಮೇಲೆ ಉಳಿ ಹಿಡಿಯಬೇಕು. ಮರವನ್ನೇ ಕೆರೆದುಬಿಟ್ಟರೆ ಕೀಲು ಇನ್ನೂ ಸಡಿಲ. ನೆನೆದ ಮರ ಪೂರ್ತಿ ಒಣಗುವ ತನಕ ಹೊಸ ಅಂಟು ಮುಟ್ಟಬೇಡಿ.

ಸಡಿಲ ಕೀಲಿಗೆ ಜಾಸ್ತಿ ಅಂಟು ಸುರಿದರೂ ಪ್ರಯೋಜನ ಇಲ್ಲ. ನೀರು ಆರಿದ ಮೇಲೆ ಅಂಟು ಕುಗ್ಗುತ್ತದೆ, ಸಂದು ಹಾಗೇ ಉಳಿಯುತ್ತದೆ. ನಾನು ತೆಳ್ಳಗಿನ ಮರದ ಪಟ್ಟಿ ಅಂಟಿಸಿ ತೂತಿನೊಳಗೆ ಕೂರುವ ತುದಿಯನ್ನು ದಪ್ಪ ಮಾಡಿಕೊಳ್ಳುತ್ತೇನೆ, ತಾಳ್ಮೆ ಇಲ್ಲದ ದಿನ ಎಪಾಕ್ಸಿ, ಅಂದರೆ ಎರಡು ಭಾಗ ಬೆರೆಸಿ ಹಚ್ಚುವ, ಸಂದು ತುಂಬುವ ಅಂಟು.

ಇನ್ನೊಂದು ಎಡವಟ್ಟು. ಹೊರಗೆ ಉಕ್ಕಿದ ಅಂಟನ್ನು ಒದ್ದೆ ಬಟ್ಟೆಯಲ್ಲಿ ನೀಟಾಗಿ ಒರೆಸಿದ್ದೆ. ಆಮೇಲೆ ಬಣ್ಣದ ಪಾಲಿಶ್ ಹಚ್ಚಿದರೆ ಅಷ್ಟು ಜಾಗ ಮಾತ್ರ ಬಿಳಿಚಿಕೊಂಡಿತು. ಒರೆಸುವಾಗ ತೆಳ್ಳಗಾದ ಅಂಟು ಮರದ ರಂಧ್ರಗಳಿಗೆ ಹೋಗಿ ಕೂತಿತ್ತು. ಈಗ ಅರ್ಧ ಗಂಟೆ ಬಿಟ್ಟು, ರಬ್ಬರಿನ ಹಾಗಾದಾಗ ಉಳಿಯಲ್ಲಿ ಎತ್ತಿ ತೆಗೆಯುತ್ತೇನೆ. ಆಮೇಲೂ ಅದರ ಮೇಲೆ ಕೂರುವುದಕ್ಕೆ 24 ಗಂಟೆ ಕಾಯಲೇಬೇಕು, ನಮ್ಮ ಮನೆಯಲ್ಲಿ ಯಾರೂ ಕಾಯುವುದಿಲ್ಲ ಅದು ಬೇರೆ ವಿಷಯ.

ದೂರುಗಳೂ ಇವೆ. ಬಾಟಲಿಯ ಮೂತಿ ಕಟ್ಟಿಕೊಳ್ಳುತ್ತದೆ, ಪ್ರತಿ ಸಲ ಮೊಳೆ ಚುಚ್ಚಬೇಕು. ಎರಡು ಮಳೆಗೆ ನೆನೆದ ಸ್ಟೂಲಿನ ಕಾಲು ಒಂದು ಬೆಳಗ್ಗೆ ಕೈಗೇ ಬಂತು. ತೇವ ತಾಗುವ ಸಾಮಾನಿಗೆ ಡಿ3 (ಅಂಟು ನೀರು ತಡೆಯುವ ದರ್ಜೆ) ಅಂತ ಬರೆದ ಬಾಟಲಿ ತಗೊಳ್ಳಿ, ಸದಾ ಹೊರಗೇ ಇರುವುದಕ್ಕೆ ಅದೂ ಸಾಲದು.

ದಿನಬಳಕೆಯ ಕುರ್ಚಿ, ಮೇಜಿಗೆ ಐದಕ್ಕೆ ನಾಲ್ಕು ಕೊಡುತ್ತೇನೆ. ನೂರು ವರ್ಷದ ಬೆಲೆಬಾಳುವ ಸಾಮಾನಾದರೆ ಮಾತ್ರ ಬೇಡ, ಅದಕ್ಕೆ ಆ ಹಳೇ ಚರ್ಮದ ಅಂಟೇ ಸರಿ. ನಾಳೆ ಇನ್ಯಾರೋ ಬಿಚ್ಚಬೇಕಾಗುತ್ತದೆ ಅಲ್ವಾ, ಬಿಸಿನೀರಾದರೂ ಸಾಕಾಗಲಿ.