ಹಳೆ ಮ್ಯಾಗ್ನಂ ರಿವಾಲ್ವರ್ ಹುಡುಕುತ್ತಿರುವವರೇ, ಟೋಕನ್ (ಮುಂಗಡ) ದುಡ್ಡು ಹಾಕುವ ಮುಂಚೆ ಇದನ್ನ ಓದಿ

ದಾವಣಗೆರೆ, ಚಿತ್ರದುರ್ಗ ಕಡೆ ಆರ್ಮ್ಸ್ ಲೈಸೆನ್ಸ್ ಇಟ್ಟುಕೊಂಡು ಹಳೆ ಫಾರಿನ್ ರಿವಾಲ್ವರ್ ಹುಡುಕುತ್ತಿರುವವರು ದಯವಿಟ್ಟು ಇದನ್ನ ಪೂರ್ತಿ ಓದಿ. "1935ರ ಮ್ಯಾಗ್ನಂ, ರಿಜಿಸ್ಟರ್ಡ್ ಪೀಸ್, ದುರ್ಗದ ಹಳೆ ಮನೆತನದ್ದು" ಅಂತ ಯಾರಾದರೂ ನಿಮಗೆ ವಾಟ್ಸಾಪ್‌ನಲ್ಲಿ ಫೋಟೋ ಕಳಿಸಿದ್ದರೆ ಒಂದು ರೂಪಾಯಿನೂ ಹಾಕಬೇಡಿ. ನನ್ನ 2 ಲಕ್ಷ ಅಲ್ಲೇ ಸಿಕ್ಕಿಕೊಂಡಿದೆ. ಮನೆಯಲ್ಲಿ ಹೇಳೋಕೆ ಮುಖ ಇಲ್ಲ. ಮಂಡಿಪೇಟೆಯಲ್ಲಿ ಸ್ನೇಹಿತರು "ಏನಾಯ್ತು ನಿನ್ನ ರಿವಾಲ್ವರ್ ವಿಷಯ" ಅಂತ ಕೇಳಿದರೆ ಮಾತು ಬದಲಿಸುತ್ತೇನೆ. ಆದರೂ ಬರೆಯುತ್ತಿದ್ದೇನೆ. ಯಾಕೆಂದರೆ ನನಗೆ ಮೋಸ ಮಾಡಿದ ಮಧ್ಯವರ್ತಿ ಅದೇ ರಿವಾಲ್ವರನ್ನ ಈಗ ಹೊಳಲ್ಕೆರೆ ಕಡೆಯವರೊಬ್ಬರಿಗೆ ತೋರಿಸುತ್ತಿದ್ದಾನೆ ಅಂತ ಗೊತ್ತಾಯಿತು.

ಹಳೆ ಫಾರಿನ್ ರಿವಾಲ್ವರ್‌ಗೆ ಇಷ್ಟು ಬೆಲೆ ಯಾಕೆ ಅಂತ ಲೈಸೆನ್ಸ್ ಇರುವವರಿಗೆ ನಾನು ಹೇಳಬೇಕಾಗಿಲ್ಲ. 1980ರ ದಶಕದಲ್ಲಿ ಸಾಮಾನ್ಯ ಲೈಸೆನ್ಸ್‌ದಾರರಿಗೆ ಆಮದು ಬಂದ್ ಆಯಿತು. ಅದಕ್ಕೆ ಮುಂಚೆ ದೇಶದೊಳಗೆ ಬಂದ ಫಾರಿನ್ ಮಾಲೇ ಈಗಲೂ ಕೈಯಿಂದ ಕೈಗೆ ಓಡಾಡುತ್ತಿದೆ. ಹೀಗಾಗಿ ಅಮೆರಿಕದಲ್ಲಿ ಅಂಗಡಿ ಅಂಗಡಿಯಲ್ಲಿ ಸಿಗುವ ರಿವಾಲ್ವರ್‌ಗೆ ಇಲ್ಲಿ ಲಕ್ಷಗಟ್ಟಲೆ ಹೇಳುತ್ತಾರೆ. 2019ರ ತಿದ್ದುಪಡಿಯಲ್ಲಿ ಒಬ್ಬರ ಹತ್ತಿರ ಮೂರರ ಬದಲು ಎರಡೇ ಬಂದೂಕು ಇರಬೇಕು ಅಂತ ಮಾಡಿದಾಗ ಎಷ್ಟೋ ಹಳೆ ಮನೆಗಳಿಂದ ಮೂರನೆಯದು ಹೊರಗೆ ಬಂತು. "ಮೂರನೇದು ಕೊಡಲೇಬೇಕಾಗಿತ್ತು ಸಾವ್ಕಾರ್ರೇ, ಅಲ್ಲಿಂದ ಹಿಡಿದ ಮಾಲು ಇದು" ಅಂತಲೇ ಈ ಮಧ್ಯವರ್ತಿ ಶುರು ಮಾಡಿದ್ದು. ನಂಬುವಂಥ ಮಾತೇ ಅಲ್ವಾ?

ಫೋನಿನಲ್ಲಿ ಅವನು ಇತಿಹಾಸ ಹೇಳಿದ ರೀತಿ ಕೇಳಬೇಕಿತ್ತು ನೀವು. ಅಮೆರಿಕದ ಸ್ಮಿತ್ ಅಂಡ್ ವೆಸನ್ ಕಂಪನಿ .357 ಮ್ಯಾಗ್ನಂ, ಅಂದರೆ ಜೋರು ತೋಟಾದ ರಿವಾಲ್ವರ್, ಹೊರತಂದಿದ್ದು 1935ರಲ್ಲಿ. ಮೊದಮೊದಲು ಗಿರಾಕಿ ಕೇಳಿದ ಹಾಗೆ, ಕೇಳಿದ ಉದ್ದದ ಬ್ಯಾರಲ್ ಹಾಕಿ, ಒಂದೊಂದನ್ನೂ ಬೇರೆ ಬೇರೆ ಮಾಡಿ ಕೊಡುತ್ತಿದ್ದರು. ಪ್ರತಿಯೊಂದಕ್ಕೂ ರಿಜಿಸ್ಟ್ರೇಷನ್ ನಂಬರ್, ಮಾಲೀಕನ ಹೆಸರಿಗೆ ಸರ್ಟಿಫಿಕೇಟ್. ಮೊದಲನೆಯದು ಹೋಗಿದ್ದು ಅಮೆರಿಕದ ತನಿಖಾ ಸಂಸ್ಥೆ ಎಫ್‌ಬಿಐ ಮುಖ್ಯಸ್ಥ ಜೆ. ಎಡ್ಗರ್ ಹೂವರ್‌ಗೆ. ಅಮೆರಿಕದ ಸೇನೆಯ ಜನರಲ್ ಪ್ಯಾಟನ್ ಸೊಂಟದಲ್ಲಿ ದಂತದ ಹಿಡಿಕೆ ಹಾಕಿಸಿಕೊಂಡು ಇಟ್ಟುಕೊಂಡಿದ್ದೂ ಇದೇ. 1939ರ ಹೊತ್ತಿಗೆ ಆ ಪದ್ಧತಿ ನಿಂತುಹೋಯಿತು. ಒಟ್ಟು ಮಾಡಿದ್ದು ಸುಮಾರು ಐದೂವರೆ ಸಾವಿರ ಅಷ್ಟೇ. ಅದಕ್ಕೇ ಸಂಗ್ರಹ ಮಾಡುವವರು ರಿಜಿಸ್ಟರ್ಡ್ ಮ್ಯಾಗ್ನಂ ಅಂದರೆ ಪ್ರಾಣ ಬಿಡುತ್ತಾರೆ. ಇಷ್ಟೂ ನಿಜ. ಒಂದು ಅಕ್ಷರ ಸುಳ್ಳಿಲ್ಲ. ನಾನೂ ಓದಿಕೊಂಡಿದ್ದ ವಿಷಯವೇ, ಎಲ್ಲಾ ತಾಳೆ ಆಯಿತು. ಅವನು ನನ್ನನ್ನ ಹಿಡಿದಿದ್ದೇ ಹಾಗೆ. ಇತಿಹಾಸ ಪೂರ್ತಿ ನಿಜ, ಮಾಲು ಬೇರೆ.

ಫೋಟೋ ಬಂದವು. ಎಲ್ಲಾ ಹತ್ತಿರದಿಂದ ತೆಗೆದಿದ್ದು. ಫ್ರೇಮಿನ (ರಿವಾಲ್ವರಿನ ಮೈ) ನೆತ್ತಿಯ ಪಟ್ಟಿ ಮೇಲೆ ಸಣ್ಣ ಸಣ್ಣ ಚೌಕಳಿ ಕೆತ್ತನೆ, ತೋಟಾ ತುಂಬುವ ಸಿಲಿಂಡರ್ ತೆರೆದಾಗ ಒಳಗೆ 'ರೆಗ್' (ರಿಜಿಸ್ಟರ್ಡ್ ಅನ್ನೋದರ ಚಿಕ್ಕ ರೂಪ) ಅಂತ ಒತ್ತಿದ ಅಕ್ಷರ, ಪಕ್ಕದಲ್ಲಿ ನಂಬರು. ಅಸಲಿ ರಿಜಿಸ್ಟರ್ಡ್ ಮ್ಯಾಗ್ನಂನಲ್ಲಿ ಎಲ್ಲಿರಬೇಕೋ ಅಲ್ಲೇ ಇತ್ತು. ಪೂರ್ತಿ ರಿವಾಲ್ವರ್ ಒಂದೇ ಫೋಟೋದಲ್ಲಿ ಕಳಿಸಿ ಅಂದೆ. "ಇಡೀ ಫೋಟೋ ಹಾಕಿದ್ರೆ ಯಾರಾದ್ರೂ ಮಿಸ್‌ಯೂಸ್ ಮಾಡ್ಕೊಳ್ತಾರೆ ಸಾವ್ಕಾರ್ರೇ, ಆಯುಧದ ವಿಷಯ" ಅಂದ. ಕಂಪನಿಯಿಂದ ಲೆಟರ್ ಇದೆಯಾ ಅಂದೆ. ಯಾವ ವರ್ಷ ಯಾವ ಅಂಗಡಿಗೆ ಹೋಯಿತು, ಬ್ಯಾರಲ್ ಎಷ್ಟು ಉದ್ದ, ಬಣ್ಣ ಯಾವುದು ಅಂತ ಹಳೆ ದಾಖಲೆ ನೋಡಿ ಬರೆದುಕೊಡುವ ಲೆಟರ್ ಅದು. "ಬೆಂಗಳೂರಲ್ಲಿ ಲಾಕರ್‌ನಲ್ಲಿದೆ, ಪೇಪರ್ ನಿಮ್ಮ ಹೆಸರಿಗಾಗೋ ದಿನ ಕೈಗೆ ಬರುತ್ತೆ." 14 ಲಕ್ಷ ಹೇಳಿದ. ನಿಜವಾದ ರಿಜಿಸ್ಟರ್ಡ್ ಪೀಸ್ ಆಗಿದ್ದರೆ ಕಣ್ಣು ಮುಚ್ಚಿ ಕೊಡಬಹುದಾದ ಬೆಲೆ. ನೋಡೋಕೆ ಮುಂಚೆ 2 ಲಕ್ಷ ಟೋಕನ್ ಹಾಕಿ, ಬಳ್ಳಾರಿಯವರು ಕೊಳ್ಳೋಕೆ ಕಾದು ಕೂತಿದ್ದಾರೆ ಅಂದ. ಈ ವ್ಯವಹಾರದಲ್ಲಿ ಟೋಕನ್ ಹೊಸದಲ್ಲ, ಎಲ್ಲರೂ ಕೇಳುತ್ತಾರೆ. ಬ್ಯಾಂಕಿನಿಂದಲೇ ಹಾಕಿದೆ.

ನೋಡಲು ಹೋಗಿದ್ದು ಹಿರಿಯೂರು ಕಡೆಯ ಒಂದು ತೋಟದ ಮನೆಗೆ. ನನ್ನ ಹೆಂಡತಿಯ ಸೋದರಮಾವ ಮಿಲಿಟರಿಯಲ್ಲಿ ಆರ್ಮರರ್ (ಬಂದೂಕು ರಿಪೇರಿ ಮಾಡುವವರು) ಆಗಿದ್ದು ನಿವೃತ್ತರಾದವರು. ಅವರನ್ನ ಕರೆದುಕೊಂಡು ಹೋಗಿದ್ದೆ. ಅವರನ್ನ ಕಂಡ ಕೂಡಲೇ ಮಧ್ಯವರ್ತಿ ಮುಖ ಗಂಟಾಯಿತು. "ಇವರ್ಯಾರು ಸಾವ್ಕಾರ್ರೇ, ಇಬ್ಬರೇ ಅಂದಿದ್ವಲ್ಲ." ಕತ್ತಲಾಗುವವರೆಗೂ ಕಾಫಿ, ತೋಟ, ಅಡಿಕೆ ರೇಟು ಅಂತ ಎಳೆದರು. ಆಮೇಲೆ ಒಂದು ಟ್ಯೂಬ್‌ಲೈಟಿನ ಕೆಳಗೆ ರೇಷ್ಮೆ ಬಟ್ಟೆಯಲ್ಲಿ ಸುತ್ತಿದ್ದನ್ನ ತಂದ, ಮಾಲೀಕ ಅಂತ ಹೇಳಿಕೊಂಡ ಹುಡುಗ. ಸಿಲಿಂಡರ್ ತೆರೆದು ಖಾಲಿ ಇದೆ ಅಂತ ತೋರಿಸಿ, ಸಿನಿಮಾದಲ್ಲಿ ಮಾಡಿದ ಹಾಗೆ ಮಣಿಕಟ್ಟು ಒದರಿ ಟಕ್ ಅಂತ ಮುಚ್ಚಿದ.

ಮಾವ ಅಲ್ಲೇ ಹಲ್ಲು ಕಚ್ಚಿದರು. ಹಾಗೆ ಒದರಿ ಮುಚ್ಚಿದರೆ ಸಿಲಿಂಡರ್ ಹಿಡಿದಿರುವ ತೋಳು ಬಾಗುತ್ತದೆ, ಸಾಲು ತಪ್ಪುತ್ತದೆ. 14 ಲಕ್ಷದ ಮಾಲು ಅಂತ ನಂಬಿದವನು ಯಾರೂ ಹಾಗೆ ಮುಚ್ಚಲ್ಲ.

ನನ್ನ ಕೈಗೆ ಬಂದಾಗ ಮೊದಲು ನೋಡಿದ್ದು ನೆತ್ತಿಯ ಪಟ್ಟಿ. ಚೌಕಳಿ ಇಲ್ಲ. ನುಣ್ಣಗಿದೆ. ಕೇಳಿದೆ. "ಪಾಲಿಶ್ ಮಾಡಿಸಿದಾಗ ಸವೆದಿದೆ, ತೊಂಬತ್ತು ವರ್ಷದ ಹಳೇದು ಅಲ್ವಾ." ಮಾವ ಸಿಲಿಂಡರ್ ಮತ್ತೆ ತೆರೆಯಲು ಹೋದರು. "ಎಣ್ಣೆ ಹಾಕಿದ್ದೀವಿ, ಕೈಗೆ ಹತ್ತುತ್ತೆ ಬಿಡಿ" ಅಂತ ಆ ಹುಡುಗ ಕೈ ಚಾಚಿದ. ಮಾವ ಕೊಡಲಿಲ್ಲ. ಸಿಲಿಂಡರ್ ಹೊರಗೆ ತಂದರು. ಆ ತೋಳು ಮುಚ್ಚಿದಾಗ ಕೂರುವ ಸಂದು ಫ್ರೇಮಿನಲ್ಲಿ ಇರುತ್ತದಲ್ಲ, ಅಲ್ಲಿಗೆ ಮೊಬೈಲ್ ಟಾರ್ಚ್ ಹಿಡಿದರು. ಕರ್ಚೀಫಿನ ತುದಿಯಿಂದ ಎಣ್ಣೆ ಒರೆಸಿದರು. ಬೇಕಂತಲೇ ದಪ್ಪ ಗ್ರೀಸ್ ಮೆತ್ತಿದ್ದರು ಅಲ್ಲಿ.

"ಓದಪ್ಪ" ಅಂದರು ನನಗೆ.

'ಮಾಡ್ 19-3' ಅಂತ ಇತ್ತು. ಮಾಡ್ ಅಂದರೆ ಮಾಡೆಲ್. 'ರೆಗ್' ಇಲ್ಲ, ರಿಜಿಸ್ಟ್ರೇಷನ್ ನಂಬರ್ ಇಲ್ಲ. ಅಲ್ಲೂ ಹಿಡಿಕೆಯ ಬುಡದಲ್ಲೂ ಇದ್ದ ಸೀರಿಯಲ್ ನಂಬರ್ ಶುರುವಾಗೋದು 'ಕೆ' ಅಕ್ಷರದಿಂದ.

ಆ ಕ್ಷಣ ಹೊಟ್ಟೆಯೊಳಗೆ ಏನಾಯಿತು ಅಂತ ಹೇಳೋಕೆ ಬರಲ್ಲ. ಸ್ಮಿತ್ ಅಂಡ್ ವೆಸನ್‌ನವರು ಮಾಡೆಲ್ ನಂಬರ್ ಹಾಕಲು ಶುರು ಮಾಡಿದ್ದೇ 1957ರಲ್ಲಿ. 1935ರ ರಿವಾಲ್ವರ್ ಮೇಲೆ ಆ ಅಕ್ಷರ ಇರೋಕೆ ಸಾಧ್ಯವೇ ಇಲ್ಲ. 19 ಅನ್ನೋ ರಿವಾಲ್ವರ್ ಹುಟ್ಟಿದ್ದೇ 1955ರಲ್ಲಿ, ಕಾಂಬ್ಯಾಟ್ ಮ್ಯಾಗ್ನಂ ಅನ್ನೋ ಹೆಸರಲ್ಲಿ. ಅದರಲ್ಲೂ ಪಕ್ಕದ 3 ಅಂದರೆ 1967ರ ನಂತರದ್ದು. ರಿಜಿಸ್ಟರ್ಡ್ ಮ್ಯಾಗ್ನಂ ದೊಡ್ಡ ಎನ್ ಫ್ರೇಮಿನದು, ಇದು ಅದಕ್ಕಿಂತ ಸಣ್ಣ ಕೆ ಫ್ರೇಮಿನದು. ಸೀರಿಯಲ್ ನಂಬರಿನ ಕೆ ಹೇಳೋದೂ ಅದನ್ನೇ. ಅದನ್ನ ಮಾವ ಹೇಳಿದಾಗ ಮಧ್ಯವರ್ತಿ ಕೊಟ್ಟ ಉತ್ತರ ನನಗೆ ಇನ್ನೂ ಕಿವಿಯಲ್ಲಿದೆ. "ಕೆ ಅಂದ್ರೆ ಕಿಂಗ್ ಸಾವ್ಕಾರ್ರೇ. ರಾಜಮನೆತನಕ್ಕೆ ಅಂತ ಸ್ಪೆಷಲ್ ಮಾಡಿದ್ದು." ನನ್ನ ಮುಖ ನೋಡಿಕೊಂಡೇ ಹೇಳಿದ. ಒಂದು ಚೂರೂ ಅಳುಕಿಲ್ಲ. ಹಾಗಾದರೆ ಫೋಟೋದಲ್ಲಿ 'ರೆಗ್' ಇತ್ತಲ್ಲ ಅಂದೆ. "ಅದು ಇದರ ಜೋಡಿ ಪೀಸ್, ಸ್ಯಾಂಪಲ್‌ಗೆ ಕಳಿಸಿದ್ದು." ಸ್ಯಾಂಪಲ್! 14 ಲಕ್ಷ ಹೇಳಿ ಬೇರೆ ಯಾರದೋ ರಿವಾಲ್ವರ್ ಫೋಟೋ ಸ್ಯಾಂಪಲ್‌ಗೆ ಕಳಿಸುತ್ತಾರಾ?

ಮಾವ ಸುಮ್ನೆ ಇರಲಿಲ್ಲ, ಪೂರ್ತಿ ನೋಡಿದರು. ಹ್ಯಾಮರ್, ಟ್ರಿಗರ್ ಎರಡೂ ಕಪ್ಪುನೀಲಿ. ಕಂಪನಿಯಿಂದ ಬಂದಾಗ ಆ ಎರಡು ಭಾಗ ಫ್ರೇಮಿನ ಬಣ್ಣದಲ್ಲಿ ಇರೋದಿಲ್ಲ, ಬಿಸಿ ಕೊಟ್ಟು ಗಡಸು ಮಾಡಿದ್ದರಿಂದ ಬೂದು, ಕಂದು, ನೀಲಿ ಕಲಸಿದ ಹಾಗೆ ಕಾಣುತ್ತವೆ. ಅವೂ ಒಂದೇ ಕಪ್ಪುನೀಲಿ ಇದ್ದರೆ ಯಾರೋ ಪೂರ್ತಿ ಬಿಚ್ಚಿ ಮತ್ತೆ ಬ್ಲೂಯಿಂಗ್ (ಕಪ್ಪುನೀಲಿ ಬಣ್ಣ) ಮಾಡಿಸಿದ್ದಾರೆ ಅಂತಲೇ ಲೆಕ್ಕ. ಫ್ರೇಮಿನ ಅಂಚುಗಳು ಸವೆದ ಸೋಪಿನ ಹಾಗೆ ಗುಂಡಗೆ. ಪಕ್ಕದ ಪ್ಲೇಟಿನ ಮೇಲಿನ ಕಂಪನಿ ಮುದ್ರೆ ಅರ್ಧ ಅಳಿಸಿದೆ. ಸ್ಕ್ರೂ ತೂತುಗಳ ಸುತ್ತ ತಗ್ಗು. ಟ್ಯೂಬ್‌ಲೈಟಿನಲ್ಲಿ ಮಿರಮಿರ ಅಂತಿದ್ದಿದ್ದು ಇದೇ ಪಾಲಿಶ್. ಸಂಗ್ರಹದ ಮಾಲಿಗೆ ಬೆಲೆ ಬರೋದು ಮೂಲ ಬಣ್ಣಕ್ಕೆ. ಅಲ್ಲಲ್ಲಿ ಸವೆದಿದ್ದರೂ ಪರವಾಗಿಲ್ಲ, ಮೂಲದ್ದಾಗಿರಬೇಕು. ಹೊಸದಾಗಿ ಹೊಳಪು ಕೊಟ್ಟ ದಿನವೇ ಬೆಲೆ ಬಿತ್ತು.

ಕೊನೆಗೆ ಬ್ಯಾರಲ್ಲಿನ ಹಿಂಬದಿ ಬಾಯಿ. ಸಿಲಿಂಡರ್‌ನಿಂದ ಗುಂಡು ಬ್ಯಾರಲ್ಲಿಗೆ ನುಗ್ಗುವ ಜಾಗ, ಫೋರ್ಸಿಂಗ್ ಕೋನ್ ಅಂತಾರೆ. ಕೆ ಫ್ರೇಮ್ ಮ್ಯಾಗ್ನಂಗಳಲ್ಲಿ ಅಲ್ಲಿ ಕೆಳಭಾಗ ಚಪ್ಪಟೆ ಮಾಡಿ ತೆಳು ಮಾಡಿರುತ್ತಾರೆ. ಹಗುರ ಗುಂಡಿನ ಜೋರು ಮ್ಯಾಗ್ನಂ ತೋಟಾ ಜಾಸ್ತಿ ಹೊಡೆದರೆ ಅಲ್ಲೇ ಸೀಳುತ್ತದೆ. ಸೀಳಿತ್ತು. ಕೂದಲೆಳೆಯಷ್ಟು ಗೆರೆ. ಅಂದರೆ ಸಂಗ್ರಹಕ್ಕೂ ಅಲ್ಲ, ಹೊಡೆಯೋಕೂ ಅಲ್ಲ.

ನೋಡಿ, ಮಾಡೆಲ್ 19 ಕೆಟ್ಟ ರಿವಾಲ್ವರ್ ಅಲ್ಲ. ಬಿಲ್ ಜೋರ್ಡನ್ ಅಂತ ಅಮೆರಿಕದ ಗಡಿ ಪಹರೆಯ ಅಧಿಕಾರಿಯ ಸಲಹೆ ಕೇಳಿ ಮಾಡಿದ್ದು, ಒಳ್ಳೇ ಹೆಸರಿದೆ. ಸರಿಯಾದ ಸ್ಥಿತಿಯಲ್ಲಿ ಇದ್ದು, "ಇದು ಮಾಡೆಲ್ 19, ಇಷ್ಟು ಬೆಲೆ" ಅಂದಿದ್ದರೆ ನಾನೇ ಖುಷಿಯಿಂದ ತಗೊಳ್ತಿದ್ದೆ. ಅದಕ್ಕೆ ಪಾಳೇಗಾರರ ಕಥೆ ಕಟ್ಟಬೇಕಾಗಿತ್ತಾ? ಹಳೆ ಮನೆತನ, ದುರ್ಗ, ಕೋಟೆ ಅಂತ ನಮ್ಮ ಕಡೆಯವರ ಅಭಿಮಾನವನ್ನೇ ಬಂಡವಾಳ ಮಾಡಿಕೊಂಡನಲ್ಲ, ನನಗೆ ದುಡ್ಡಿಗಿಂತ ಅದೇ ಜಾಸ್ತಿ ಉರಿಯೋದು.

ಟೋಕನ್ ವಾಪಸ್ ಕೇಳಿದೆ. ಅಲ್ಲಿಂದ ಶುರುವಾಯಿತು ಇನ್ನೊಂದು ಮುಖ. ಮೊದಲು, "ಟೋಕನ್ ವಾಪಸ್ ಕೊಡೋ ಪದ್ಧತಿ ಇಲ್ಲ, ನಿಮಗೆ ಗೊತ್ತಿಲ್ಲದ್ದಾ?" ಪದ್ಧತಿ ಗೊತ್ತಿದೆ. ಗಿರಾಕಿ ಮನಸ್ಸು ಬದಲಿಸಿದರೆ ಟೋಕನ್ ಹೋಗುತ್ತೆ. ಹೇಳಿದ ಮಾಲೇ ಬೇರೆ ಆದರೆ ಹೋಗುತ್ತಾ? ಆಮೇಲೆ, "ನಿಮ್ಮ ಮಾವ ಮಿಲಿಟರಿ ಗನ್ ತಿಕ್ಕಿದವರು, ಕಲೆಕ್ಷನ್ ಪೀಸ್ ಅವರಿಗೇನ್ ಗೊತ್ತು." ಇಡೀ ಜೀವನ ಆಯುಧದ ಜೊತೆ ಕಳೆದ ಮನುಷ್ಯನ ಬಗ್ಗೆ ಈ ಮಾತು. ನಂತರ, "9 ಲಕ್ಷಕ್ಕೆ ಮುಗಿಸೋಣ, ಪೇಪರ್ ನಾನು ಮಾಡಿಸ್ತೀನಿ, 45 ದಿನ ಕಾಯೋದೂ ಬೇಡ, ಹಿಂದಿನ ತಾರೀಕು ಹಾಕಿಸ್ತೀನಿ." ಖಾಸಗಿಯವರು ಮಾರುವಾಗ ಡಿಸಿಯವರಿಗೋ ಹತ್ತಿರದ ಠಾಣೆಗೋ ಕೊಳ್ಳುವವರ ಹೆಸರು, ವಿಳಾಸ ಬರೆದು ತಿಳಿಸಿ 45 ದಿನ ಕಳೆಯಬೇಕು ಅಂತ ಆರ್ಮ್ಸ್ ಆಕ್ಟ್‌ನಲ್ಲೇ ಇದೆ. ಅದಕ್ಕೆ ಹಿಂದಿನ ತಾರೀಕು ಹಾಕಿಸುತ್ತೇನೆ ಅನ್ನುವವನ ಜೊತೆ ಇದ್ದರೆ ದುಡ್ಡಿನ ಜೊತೆ ಲೈಸೆನ್ಸೂ ಹೋಗುತ್ತದೆ, ನಾವೂ ಒಳಗೆ ಹೋಗುತ್ತೇವೆ.

ಪೊಲೀಸ್ ಅಂದಾಗ ಕೊಟ್ಟ ಉತ್ತರ: "ಹೋಗಿ ಸಾವ್ಕಾರ್ರೇ. ಆಯುಧದ ಕೇಸು. ಮೊದಲು ನಿಮ್ಮ ಲೈಸೆನ್ಸೇ ತರಿಸ್ಕೊಳ್ತಾರೆ." ಇದಕ್ಕೇ ಎಲ್ಲರೂ ಬಾಯಿ ಮುಚ್ಚಿಕೊಳ್ಳೋದು. ಇದೊಂದೇ ಮಾತಿನ ಮೇಲೆ ಅವನ ವ್ಯಾಪಾರ ನಡೀತಿರೋದು. ನಾನೂ ಆ ರಾತ್ರಿ ನಿದ್ದೆ ಮಾಡಲಿಲ್ಲ. ವಕೀಲರು ಕೇಳಿ ನಕ್ಕರು. ರಿವಾಲ್ವರ್ ನಾನು ತಗೊಂಡೇ ಇಲ್ಲ, ದುಡ್ಡು ಬ್ಯಾಂಕಿನಲ್ಲಿ ಹೋಗಿದೆ, ಚಾಟ್ ಇದೆ, ಫೋಟೋ ಇದೆ. ಮೋಸಕ್ಕೆ ಬಿಎನ್‌ಎಸ್ (ಭಾರತೀಯ ನ್ಯಾಯ ಸಂಹಿತೆ) ಸೆಕ್ಷನ್ 318 ಇದೆ, ದೂರು ಕೊಡಿ ಅಂದರು. ಕೊಟ್ಟಿದ್ದೇನೆ. ದೂರು ಕೊಟ್ಟ ಮೇಲೆ ಫೋನ್ ಮಾಡಿದ, "ಆ 2 ಲಕ್ಷಕ್ಕೆ ಒಂದು ಒಳ್ಳೇ .32 ಇದೆ, ಅಡ್ಜಸ್ಟ್ ಮಾಡ್ಕೊಳ್ಳಿ" ಅಂತ. ಬೇಡ ಅಂದೆ. ಆಮೇಲೆ ನನ್ನ ನಂಬರ್ ಬ್ಲಾಕ್.

ಹಳೆ ಮ್ಯಾಗ್ನಂ ನೋಡುವವರು ಹಗಲು ಹೊತ್ತು ನೋಡಿ. ಸಿಲಿಂಡರ್ ತೆರೆದು ಆ ಸಂದಿನ ಗ್ರೀಸ್ ಒರೆಸಿ ನೀವೇ ಓದಿ. ಅಲ್ಲಿನ ನಂಬರ್, ಹಿಡಿಕೆ ಬುಡದ ನಂಬರ್, ಮಾರುವವನ ಲೈಸೆನ್ಸ್ ಪುಸ್ತಕದ ನಂಬರ್ ಮೂರೂ ಒಂದೇ ಇರಬೇಕು. ನಂಬರ್ ಉಜ್ಜಿದ್ದು ಕಂಡರೆ ಮುಟ್ಟಲೇಬೇಡಿ, ಅಂಥದ್ದನ್ನ ಮಾರೋದೇ ಅಪರಾಧ. ತಿಳಿದವರನ್ನ ಕರೆದುಕೊಂಡು ಬರುತ್ತೇನೆ ಅಂದಾಗ ಮುಖ ಗಂಟು ಹಾಕುವವನ ಹತ್ತಿರ ವ್ಯವಹಾರವೇ ಬೇಡ.

ಆ ರಿವಾಲ್ವರ್ ಗುರುತು ಹೇಳುತ್ತೇನೆ: 4 ಇಂಚಿನ ಬ್ಯಾರಲ್, ಮಾಡೆಲ್ 19-3, ಹ್ಯಾಮರ್ ಮತ್ತು ಟ್ರಿಗರ್ ಕೂಡ ಕಪ್ಪುನೀಲಿ, ಬಲಗಡೆ ಹಿಡಿಕೆಯ ಮರದ ಮೇಲ್ತುದಿಯಲ್ಲಿ ಒಂದು ಸಣ್ಣ ಚೂರು ಎದ್ದಿದೆ. ಹೊಳಲ್ಕೆರೆಯಲ್ಲಿ ಟೋಕನ್ ಹಾಕಿದವರಿಗಾಗಲಿ, ಬಳ್ಳಾರಿಯವರು ಅನ್ನೋರು ನಿಜವಾಗಿ ಇದ್ದರೆ ಅವರಿಗಾಗಲಿ, ಇದೇ ಮಾಲು ತೋರಿಸಿದ್ದರೆ ನಿಮ್ಮ ಠಾಣೆಯಲ್ಲಿ ನೀವೂ ಒಂದು ದೂರು ಬರೆದುಕೊಡಿ. ಒಬ್ಬನೇ ಇದ್ದರೆ ದುಡ್ಡಿನ ತಗಾದೆ ಅಂತ ಪಕ್ಕಕ್ಕಿಡುತ್ತಾರೆ. ಇಬ್ಬರು ಮೂವರು ಆದರೆ ಅವನನ್ನ ಕರೆಸಿ ಕೇಳಲೇಬೇಕಾಗುತ್ತದೆ.