ಕಿನ್ನಾಳದ ಪೇಂಟಿಂಗ್ ಸ್ಟುಡಿಯೋ: ದೊಡ್ಡ ಹಂಪಿ ಕ್ಯಾನ್ವಾಸ್ ಬಿಡ್ರಿ, ಸಣ್ಣ ಹಲಗಿ ನೋಡ್ರಿ

ಮೊದ್ಲೇ ಹೇಳಿಬಿಡ್ತೀನಿ, ಕಿನ್ನಾಳದ ಹೆಸರಾದ ಕಟ್ಟಿಗಿ ಗೊಂಬಿ ತಗೊಳಾಕ ಅಂತ ಹೋಗೋರಿಗೆ ಇದು ಸರಿಯಾದ ಜಾಗ ಅಲ್ಲ, ಇಲ್ಲಿ ಗೊಂಬಿ ಮಾರೂದಿಲ್ಲ. ಪೇಂಟಿಂಗ್ ಅದಾವ, ಅದೂ ಮಿಕ್ಸೆಡ್ ಮೀಡಿಯಾ ಅಂತಾರಲ್ಲ ಆ ಥರದ್ದು, ಹಲಗಿ ಮ್ಯಾಲ ಬಟ್ಟಿ, ಅಂಟು, ಕಲ್ಲಿನ ಪುಡಿ, ಅಕ್ರಿಲಿಕ್ ಎಲ್ಲಾ ಕೂಡಿಸಿ ಮಾಡಿದ್ದು. ಮಾಡೋ ಅಕ್ಕ ಚಿತ್ರಗಾರರ, ಅಂದ್ರ ಗೊಂಬಿ ಮಾಡಿ ಬಣ್ಣ ಹಚ್ಚೋರ ಮನಿತನದಾಕಿ, ಆರ್ಟ್ ಕಾಲೇಜ್ ಓದಿ ಬಂದಾಕಿ. ಕೊಪ್ಪಳದಿಂದ ದೂರ ಏನಿಲ್ಲ, ಬೈಕ್ ಮ್ಯಾಲ ಆರಾಮಾಗಿ ಹೋಗಿ ಬರಬಹುದು. ಮನಿ ಪಡಸಾಲಿನೇ ಅಂಗಡಿ, ಬೋರ್ಡ್ ಗೀರ್ಡ್ ಏನಿಲ್ಲ, ಓಣ್ಯಾಗ ಕೇಳಿದ್ರ ತೋರಸ್ತಾರ.

ಇವರ ಕೆಲಸ ತಿಳೀಬೇಕಂದ್ರ ಗೊಂಬಿ ಹೆಂಗ ಮಾಡ್ತಾರ ಅನ್ನೋದು ಸ್ವಲ್ಪ ಗೊತ್ತಿರಬೇಕು. ಕಿನ್ನಾಳ ಗೊಂಬಿ ಒಂದೇ ಕಟ್ಟಿಗಿ ಕೆತ್ತಿ ಮಾಡೂದಲ್ಲ, ಹಗುರ ಪೊಳಕಿ ಕಟ್ಟಿಗಿ ತುಂಡು ಜೋಡಿಸಿ ಮಾಡೂದು, ಗರುಡಗ 12 ಭಾಗ, ಸಿಂಹಾಸನದ ಮ್ಯಾಲ ಕುಂತ ಗಣಪಗ 22 ಭಾಗ ಅಂತ ಲೆಕ್ಕ. ಸಂದು ಮುಚ್ಚಾಕ ಕಿಟ್ಟ, ಅಂದ್ರ ಸೆಣಬಿನ ಚಿಂದಿ ನೆನಸಿ, ಒಣಗಿಸಿ, ಪುಡಿ ಮಾಡಿ, ಅದಕ್ಕ ಕಟ್ಟಿಗಿ ಹೊಟ್ಟು, ಹುಣಸಿ ಬೀಜದ ಅಂಟು ಹಾಕಿ ನಾದಿದ್ದು. ಆಮ್ಯಾಲ ಹತ್ತಿ ಬಟ್ಟಿ ತುಂಡು ಅಂಟಸ್ತಾರ, ಅದರ ಮ್ಯಾಲ ಕಲ್ಲಪುಡಿ ಲೇಪ, ಕಡೀಕ ಬಣ್ಣ. ಒಡವಿ ಗಿಡವಿ ಉಬ್ಬಿಸಿ ಮಾಡೂದೂ ಇದೇ ಲೇಪದಿಂದ. ಕಟ್ಟಿಗಿ, ನಾರು, ಬಟ್ಟಿ, ಕಲ್ಲು, ಬಣ್ಣ, ಎಲ್ಲಾ ಬಂತಲ್ಲ? ಸಿಟಿ ಗ್ಯಾಲರಿಯೊಳಗ ಪ್ರಯೋಗ ಅಂತ ತೋರಸೂದು ಈ ಓಣಿಯ ಮಕ್ಕಳಿಗೆ ಸಾಲಿ ಬಿಟ್ಟ ಮ್ಯಾಲ ಹಚ್ಚಿದ ಕೆಲಸ. ಈ ಅಕ್ಕಗ ಸಣ್ಣಾಕಿದ್ದಾಗ ಚಿಂದಿ ಕತ್ತರಿಸೂದು, ಲೇಪ ಅರೆಯೂದು ಇಷ್ಟೇ ಕೊಡ್ತಿದ್ರಂತ, ಕುಂಚ ಮುಟ್ಟಾಕ ಬಿಡ್ತಿರ್ಲಿಲ್ಲಂತ. ಕಾಲೇಜ್‌ನ್ಯಾಗ ಗೆಸ್ಸೋ, ಅಂದ್ರ ಬಣ್ಣಕ್ಕಿಂತ ಮೊದ್ಲು ಹಚ್ಚೋ ಬಿಳಿ ಲೇಪ, ಅದರ ಡಬ್ಬಿ ತಗೊಂಡು ಬಾ ಅಂದಾಗ ಮುಚ್ಚಳ ತೆಗೆದು ನೋಡಿ, ಇದು ನಮ್ಮನಿ ಲೇಪನೇ ಅಲ್ಲೇನು ಅಂದ್ಲಂತ. ಖರೇನೇ ಐತಿ, ಸೀಮೆಸುಣ್ಣದಂಥ ಪುಡಿ, ಅಂಟು, ಕೆಲಸ ಅದೇ.

ಈಗ ಪೇಂಟಿಂಗ್‌ಗೆ ಬರೋಣ. ಎರಡು ಥರ ಅದಾವ. ಒಳಗ ಹೋದ ಕೂಡ್ಲೇ ಕಾಣೂವು ದೊಡ್ಡ ಕ್ಯಾನ್ವಾಸ್, ಹಂಪಿ ಕಲ್ಲಿನ ರಥ, ವಿರೂಪಾಕ್ಷ ಗೋಪುರ, ಮ್ಯಾಲ ಒಂದಿಷ್ಟು ಬಂಗಾರದ ಬಣ್ಣ. ರೆಸಾರ್ಟ್‌ನೋರು ಆರ್ಡರ್ ಕೊಡ್ತಾರಂತ. ನನಗ ಅವು ಒಂದೂ ಸೇರಲಿಲ್ಲ, ನೇರವಾಗಿ ಹೇಳ್ತೀನಿ. ಪರಂಪರೆ ಅಂದ್ರ ರಥದ ಚಿತ್ರ ಬರೆಯೂದು ಅಂತ ಆದ್ರ ಅದನ್ನ ಕಿನ್ನಾಳದಾಗ ಹುಟ್ಟಲಾರದೋರೂ ಬರೀತಾರ, ಹೊಸಪೇಟಿ ಬಸ್‌ಸ್ಟ್ಯಾಂಡ್ ಹತ್ರ ಲಾಡ್ಜ್ ಗ್ವಾಡಿ ಮ್ಯಾಲೂ ಅದಾವ ಅಂಥವು. ಕಿನ್ನಾಳದೋರು ನಮ್ಮ ಹಿರ್ಯಾರೇ ಹಂಪಿ ಗುಡಿ ಛತ್ತಿನ ಚಿತ್ರ ಬರದೋರು ಅಂತ ಹೇಳ್ಕೋತಾರ, ಇರಲಿ, ಅದಕ್ಕ ಅಂತ ಹಂಪಿನೇ ಬರೀಬೇಕಂತ ಏನೈತಿ.

ಒಳಗಿನ ಖೋಲಿಗೆ ಹೋಗಿ ಕೇಳ್ರಿ, ಸಣ್ಣ ಹಲಗಿ ತೋರಸ್ರಿ ಅಂತ. ಅಸಲಿ ಮಾಲು ಅಲ್ಲೈತಿ. ನಮ್ಮ ಕಡೆ ಜಾತ್ರಿ ಮುಂದ ದ್ಯಾಮವ್ವ, ದುರ್ಗವ್ವನ ಮೂರ್ತಿ ಚಿತ್ರಗಾರರ ಮನಿಗೆ ಹೊಸ ಬಣ್ಣಕ್ಕ ಬರ್ತಾವಲ್ಲ, ಹಿಂದಿನ ಬಣ್ಣದ ಮ್ಯಾಲ ಇನ್ನೊಂದು, ಅದರ ಮ್ಯಾಲ ಮತ್ತೊಂದು, ಹಿಂಗ ಎಷ್ಟು ತಲಿಮಾರಿನ ಕೈ ಒಂದೇ ಮುಖದ ಮ್ಯಾಲ ಕುಂತಿರ್ತೈತಿ. ಆಕಿ ಅದನ್ನ ಉಲ್ಟಾ ಮಾಡ್ಯಾಳ. ಹಲಗಿ ಮ್ಯಾಲ ಪದರ ಪದರ ಬಣ್ಣ ಏರಿಸಿ, ಒಣಗಿದ ಮ್ಯಾಲ ಉಪ್ಪುಕಾಗದ ಹಚ್ಚಿ ತಿಕ್ಕಿ ತಿಕ್ಕಿ ಕೆಳಗ ಇಳೀತಾಳ. ನಾನು ತಗೊಂಡಿದ್ದು ಒಂದು ಮುಖ, ಅದರಾಗ ಕುಂಕುಮ ಕೆಂಪಿನ ಕೆಳಗ ಗಿಳಿ ಹಸರು, ಅದರ ಕೆಳಗ ಅರಿಷಿಣ, ಅದೂ ಸವೆದ ಕಡೆ ಬಿಳಿ ಲೇಪ, ಕಪಾಳದ ಜಾಗದಾಗ ಲೇಪನೂ ಹೋಗಿ ಹಳೇ ಇಳಕಲ್ ಸೀರಿ ನೂಲು ಕಾಣತೈತಿ. ಅಂಚಿಗೆ ಕೌದಿ ಹೊಲಿಗಿ, ಹೊಲಿಗಿ ಮಾತ್ರ ಅವರವ್ವ ಹಾಕಿದ್ದಂತ. ಕಣ್ಣು ಒಂದೇ ಬರದಾಳ, ಇನ್ನೊಂದು ಖಾಲಿ ಬಿಟ್ಟಾಳ. ಅವರ ಮನ್ಯಾಗ ಮೂರ್ತಿಗೆ ಕಣ್ಣು ಬರೆಯೂದು ಎಲ್ಲಾ ಮುಗದ ಮ್ಯಾಲ, ಅದನ್ನ ಹಿರ್ಯಾರೇ ಬರೀಬೇಕು, ಅದಕ್ಕ ಅರ್ಧ ಬಿಟ್ಟೀನಿ ಅಂದ್ಲು. ಕೇಳದಿದ್ರ ಇದ್ಯಾವುದೂ ಹೇಳ್ತಿರ್ಲಿಲ್ಲ, ಹಲಗಿ ಹಿಂದ ಒಂದು ಚೀಟಿನೂ ಇಲ್ಲ, ತಗೊಂಡ ಮಂದಿಗೆ ಗೊತ್ತಾಗೂದು ಹೆಂಗ?

ಲಾಜವರ ಕೆಲಸಾನೂ ಐತಿ, ತವರನ್ನ ಅಂಟಿನ ಜೊತಿ ಹದಮಾಡಿ ಹಚ್ಚಿ ಉಜ್ಜಿದ್ರ ಬೆಳ್ಳಿ ಹೊಳಪು ಬರ್ತೈತಲ್ಲ ಅದು. ಅಂಗಡಿ ಮಿಂಚುಪುಡಿ ಪಕ್ಕ ಇಟ್ಟು ನೋಡಿದ್ರ ಫರಕ್ ಗೊತ್ತಾಗ್ತೈತಿ, ಇದು ಕಣ್ಣಿಗೆ ಚುಚ್ಚೂದಿಲ್ಲ.

ಕ್ಯಾನ್ವಾಸ್ ಯಾಕ ಬ್ಯಾಡ ಅನ್ನಾಕ ಇನ್ನೊಂದು ಕಾರಣ ಐತಿ. ಕಲ್ಲಪುಡಿ ಲೇಪ ಗಟ್ಟಿ, ಕ್ಯಾನ್ವಾಸ್ ಮಣೀತೈತಿ, ಸುತ್ತಿ ಒಯ್ದ್ರ ಬಿರುಕು ಬಿಡೂದೇ. ನಮ್ಮ ದೋಸ್ತ ಒಬ್ಬ ಸುತ್ತಿ ಬೆಂಗಳೂರಿಗೆ ಒಯ್ದ, ಗೋಪುರ ನಡುವ ಸೀಳಿತ್ತು. ಹಲಗಿಗೆ ಆ ತ್ರಾಸಿಲ್ಲ. ಹಸಿ ಗ್ವಾಡಿಗೆ ಮಾತ್ರ ಹಾಕಬ್ಯಾಡ್ರಿ, ಒದ್ದಿ ಬಟ್ಟಿಲೆ ಒರಸಬ್ಯಾಡ್ರಿ.

ರೇಟು ಸಣ್ಣ ಹಲಗಿ ಎರಡೂವರಿ ಸಾವಿರದಿಂದ ಶುರು, ಚೌಕಾಸಿ ಮಾಡಾಕ ಹೋಗಬ್ಯಾಡ್ರಿ, ವಾರಗಟ್ಟಲೆ ಒಣಗಿಸಿ ತಿಕ್ಕಿದ ಕೆಲಸಕ್ಕ ಅದು ಕಮ್ಮಿನೇ. ಆದ್ರ ಪ್ಯಾಕಿಂಗ್ ಮಾತ್ರ ಬಾಳ ಕೆಟ್ಟ, ಒಂದು ಪೇಪರ್ ಸುತ್ತಿ ದಾರ ಕಟ್ಟಿ ಕೊಟ್ರು, ಬೈಕ್ ಮ್ಯಾಲ ಬರೂದ್ರಾಗ ಒಂದು ಮೂಲಿ ಚಕ್ಕಿ ಎದ್ದಿತ್ತು. ಫೋಟೊ ಕಳಿಸಿದೆ, ತಗೊಂಡು ಬರ್ರಿ ಸರಿ ಮಾಡ್ತೀನಿ ಅಂದ್ಲು, ಒಯ್ದೆ, ಎದುರಿಗೇ ಕಿಟ್ಟ ತುಂಬಿ ಕೊಟ್ಲು, ರೊಕ್ಕ ತಗೊಳ್ಲಿಲ್ಲ. ಈ ಸರ್ವಿಸ್‌ಗೆ ಐದು ಸ್ಟಾರ್ ಕೊಡಬಹುದಿತ್ತು, ಪ್ಯಾಕಿಂಗ್ ಸಲುವಾಗಿ ನಾಲ್ಕು. ಬಬಲ್ ರ‍್ಯಾಪ್ ನೀವೇ ಒಯ್ಯೂದು ಚಲೋ.

ಜಾತ್ರಿ ಸೀಸನ್‌ನ್ಯಾಗ ಹೊಸ ಆರ್ಡರ್ ತಗೊಳೂದಿಲ್ಲ, ಮನಿ ತುಂಬ ಮೂರ್ತಿ ಬಂದಿರ್ತಾವ. ತಗೊಳೂದು ಬ್ಯಾಡ, ಬರೇ ನೋಡಬೇಕು ಅನ್ನೋರಿಗೆ ಆ ಟೈಮೇ ಬೆಸ್ಟ್, ಫೋನ್ ಮಾಡಿ ಕೇಳ್ಕೊಂಡು ಹೋಗ್ರಿ, ಬಣ್ಣ ಹಚ್ಚಾಕತ್ತಾಗ ಮೂರ್ತಿ ಫೋಟೊ ಹೊಡೀಬ್ಯಾಡ್ರಿ ಅಂತಾರ, ಅಷ್ಟು ಮಾತು ಕೇಳ್ರಿ.