ಮಗುವಿನ ಈಜು ಕೋಚ್ ‘ಗೇಟಿನವರೆಗೆ ನೀವು, ಒಳಗೆ ನಾನು’ ಅಂದರೆ ಅಲ್ಲೇ ಹುಷಾರಾಗಿ

ಮಕ್ಕಳನ್ನು ಸ್ಪರ್ಧೆಯ ಈಜಿಗೆ ಸೇರಿಸಿದವರು, ಸೇರಿಸಬೇಕು ಅಂತ ಇರುವವರು ಒಮ್ಮೆ ಓದಿ. ಕ್ಲಬ್ಬಿನ ಹೆಸರಾಗಲಿ ಕೋಚ್ ಹೆಸರಾಗಲಿ ಹೇಳುವುದಿಲ್ಲ. ಹೇಳಿದರೆ ಜಗಳ ಆಗುತ್ತದೆ ಅಷ್ಟೇ, ಇನ್ನೆಲ್ಲೋ ಇರುವ ನಿಮಗೆ ಅದರಿಂದ ಏನೂ ಉಪಯೋಗವಿಲ್ಲ. ಇಂಥವರು ಎಲ್ಲಾ ಕಡೆ ಇದ್ದಾರೆ. ಗುರುತು ಹಿಡಿಯೋದು ಹೇಗೆ ಅಂತ ಗೊತ್ತಿದ್ದರೆ ಸಾಕು.

ಮಗಳಿಗೆ ಆಗ 12 ವರ್ಷ. ಫ್ರೀಸ್ಟೈಲ್, ಬಟರ್‌ಫ್ಲೈ ಎರಡೂ ಚೆನ್ನಾಗಿ ಬರುತ್ತಿತ್ತು. ಹಳೇ ಕೋಚ್ ಕೆಲಸ ಬಿಟ್ಟರು, ಹಾಗಾಗಿ ಹೊಸ ಕ್ಲಬ್ಬಿಗೆ ಹೋದೆವು. ಗೋಡೆ ತುಂಬಾ ಪದಕ ಹಾಕಿಕೊಂಡ ಮಕ್ಕಳ ಫೋಟೊ. ಸೇರಿದ ದಿನವೇ ಕೋಚ್ ಹೇಳಿದರು, “ನೋಡಿ ಮೇಡಂ, ಗೇಟಿನವರೆಗೆ ನೀವು, ಒಳಗೆ ನಾನು.”

ಈ ಮಾತಿನಲ್ಲಿ ಅರ್ಧ ಸರಿಯೂ ಇದೆ. ಪೂಲ್ ಅಂಚಿನಲ್ಲಿ ಓಡುತ್ತಾ “ಕಿಕ್, ಕಿಕ್, ಕಾಲು ಹೊಡಿ” ಅಂತ ಕಿರುಚುವ ಅಪ್ಪ ಅಮ್ಮಂದಿರನ್ನು ಹತ್ತಿರ ಬಿಟ್ಟುಕೊಳ್ಳದೇ ಇರುವುದು ಒಳ್ಳೇ ಕೋಚ್ ಲಕ್ಷಣವೇ. (ನೀರೊಳಗೆ ತಲೆ ಇಟ್ಟಿರುವ ಮಗುವಿಗೆ ಅದೇನು ಕೇಳಿಸುತ್ತೆ ಅಂತ ಕೂಗುತ್ತಾರೋ.) ಆದರೆ ಅಂಚಿಗೆ ಬಂದು ಮೂಗು ತೂರಿಸೋದು ಬೇರೆ, ದೂರ ಕೂತು ನೋಡೋದು ಬೇರೆ. ಈ ಕ್ಲಬ್ಬಿನಲ್ಲಿ ಗ್ಯಾಲರಿಗೂ ಬೀಗ. ಕಿಟಕಿಯ ಗಾಜಿಗೆ ಒಳಗಿನಿಂದ ಪೇಪರ್ ಅಂಟಿಸಿದ್ದರು. ಮಕ್ಕಳ ಗಮನ ಚದುರುತ್ತೆ ಅಂತ ಕಾರಣ ಕೊಟ್ಟರು.

ಮೊದಲು ಎಡವಟ್ಟು ಕಂಡಿದ್ದು ಟೈಮಿಂಗ್‌ನಲ್ಲಿ. ಪ್ರತಿ ವಾರ ಫೋನಿಗೆ ಟೈಮಿಂಗ್ ಬರುತ್ತಿತ್ತು, ಪ್ರತಿ ಸಲ ಇನ್ನೊಂಚೂರು ಕಡಿಮೆ. ನೋಡಿದರೆ ಖುಷಿ ಆಗೋದೇ. ಆಮೇಲೆ ಮೀಟ್‌ಗೆ, ಅಂದರೆ ಈಜು ಸ್ಪರ್ಧೆಗೆ, ಹೋದರೆ ಅದೇ 100 ಮೀಟರ್ ಫ್ರೀಸ್ಟೈಲ್‌ಗೆ ಸೆಕೆಂಡುಗಟ್ಟಲೆ ಜಾಸ್ತಿ. ಕೋಚ್ ಎಲ್ಲರ ಮುಂದೆ ಅವಳಿಗೆ ಹೇಳಿದ್ದು, “ಪ್ರಾಕ್ಟೀಸಲ್ಲಿ ಹುಲಿ, ಮೀಟಲ್ಲಿ ಇಲಿ.” ಅವಳು ಅದನ್ನು ನಂಬಿಬಿಟ್ಟಳು. ತನಗೆ ಧೈರ್ಯ ಇಲ್ಲ, ಮನಸ್ಸು ವೀಕು ಅಂತ ತಾನೇ ಹೇಳಿಕೊಂಡು ತಿರುಗಾಡುವುದಕ್ಕೆ ಶುರು ಮಾಡಿದಳು.

ಇದರ ಹಿಂದೆ ಇದ್ದದ್ದು ಬರೀ ಲೆಕ್ಕ. ಕ್ಲಬ್ಬಿನ ಪೂಲ್ 25 ಮೀಟರ್, ಮೀಟ್ ನಡೆದದ್ದು 50 ಮೀಟರ್ ಪೂಲಿನಲ್ಲಿ. 25 ಮೀಟರ್ ಪೂಲಿನಲ್ಲಿ 100 ಮೀಟರ್ ಈಜಿದರೆ ಮೂರು ಟರ್ನ್ (ಗೋಡೆ ಮುಟ್ಟಿ ತಿರುಗುವುದು) ಸಿಗುತ್ತವೆ, 50ರಲ್ಲಿ ಒಂದೇ ಒಂದು. ಗೋಡೆಯನ್ನು ಕಾಲಲ್ಲಿ ಒದ್ದು ಹೊರಟಾಗ ಸಿಗುವ ವೇಗ ಕೈ ಬೀಸಿ ಈಜುವ ವೇಗಕ್ಕಿಂತ ಜಾಸ್ತಿ, ಹಾಗಾಗಿ ಟರ್ನ್ ಹೆಚ್ಚಾದಷ್ಟೂ ಟೈಮಿಂಗ್ ಇಳಿಯುತ್ತೆ. ವಿಶ್ವದಾಖಲೆಗಳನ್ನೂ ಎರಡು ಪೂಲಿಗೆ ಬೇರೆ ಬೇರೆಯಾಗಿ ಬರೆದಿಡುವುದು ಇದಕ್ಕೇ. ಜೊತೆಗೆ ಕ್ಲಬ್ಬಿನಲ್ಲಿ ಕೈಯಲ್ಲಿ ಒತ್ತುವ ಸ್ಟಾಪ್‌ವಾಚ್, ಮೀಟ್‌ನಲ್ಲಿ ಕೈ ತಾಗಿದ ತಕ್ಷಣ ತಾನೇ ಸಮಯ ದಾಖಲಿಸುವ ಟಚ್‌ಪ್ಯಾಡ್. ಸೀಟಿ ಕೇಳಿ ಬೆರಳು ಒತ್ತುವಷ್ಟರಲ್ಲಿ ಒಂದಿಷ್ಟು ಹೊತ್ತು ಜಾರಿಹೋಗಿರುತ್ತೆ, ಮುಗಿಸುವಾಗ ಕೈ ಗೋಡೆ ಮುಟ್ಟುವುದು ಮೊದಲೇ ಕಾಣುವುದರಿಂದ ಸರಿಯಾಗಿ ಒತ್ತುತ್ತಾರೆ, ಒಟ್ಟಿನಲ್ಲಿ ವಾಚ್ ಕಡಿಮೆ ತೋರಿಸುತ್ತೆ. ಇಷ್ಟು ವರ್ಷ ಕೋಚಿಂಗ್ ಮಾಡಿದವರಿಗೆ ಇದು ಗೊತ್ತಿಲ್ಲ ಅಂದರೆ ನಾನು ನಂಬಲ್ಲ. ಫೋನಿಗೆ ಬರುವ ಟೈಮಿಂಗ್ ನಮ್ಮನ್ನು ಖುಷಿಯಾಗಿಡುವುದಕ್ಕೆ, ಮೀಟ್‌ನ ಟೈಮಿಂಗ್ ಮಗುವಿನ ತಲೆ ಮೇಲೆ ಹೊರಿಸುವುದಕ್ಕೆ. ಯಾವ ಪೂಲ್, ಯಾವ ವಾಚ್, ಬ್ಲಾಕ್ ಮೇಲಿಂದ ಹಾರಿದ್ದೋ ನೀರಿನಲ್ಲೇ ಗೋಡೆ ತಳ್ಳಿ ಹೊರಟಿದ್ದೋ, ಇದು ಗೊತ್ತಿಲ್ಲದೆ ಯಾವ ಟೈಮಿಂಗನ್ನೂ ಇನ್ನೊಂದರ ಪಕ್ಕ ಇಟ್ಟು ನೋಡಬೇಡಿ.

ಈಗ ಭುಜದ ವಿಷಯ. ನಾನು ಇದನ್ನು ಬರೆಯುತ್ತಿರುವುದೇ ಮುಖ್ಯವಾಗಿ ಇದಕ್ಕೆ.

ಆ ವಯಸ್ಸಿನ ಮಕ್ಕಳು 25 ಮೀಟರ್‌ಗೆ ಸುಮಾರು 20 ಸಲ ಕೈ ಬೀಸುತ್ತಾರೆ ಅಂತ ಇಟ್ಟುಕೊಳ್ಳಿ. ಒಂದು ಹೊತ್ತಿನ ಪ್ರಾಕ್ಟೀಸಿಗೆ 4 ಕಿಲೋಮೀಟರ್ ಈಜಿಸಿದರೆ 160 ಲ್ಯಾಪ್, ಅಂದರೆ 3,200 ಸಲ. ಒಂದೊಂದು ಭುಜಕ್ಕೆ 1,600. ದಿನಕ್ಕೆ ಎರಡು ಹೊತ್ತು ಪ್ರಾಕ್ಟೀಸ್ ಇದ್ದರೆ ಅದರ ಎರಡರಷ್ಟು. ಇದರ ಮೇಲೆ ಅಂಗೈಗೆ ಕಟ್ಟುವ ಅಗಲದ ಪ್ಲಾಸ್ಟಿಕ್ ಹಲಗೆ, ಅಂದರೆ ಪ್ಯಾಡಲ್, ಹಾಕಿಸಿದರೆ ಪ್ರತಿ ಎಳೆತಕ್ಕೂ ಭಾರ ಇನ್ನೂ ಜಾಸ್ತಿ. ಇಷ್ಟೊಂದು ಸಲ ಮಾಡುವ ಕೆಲಸದಲ್ಲಿ ಕೈ ಒಂಚೂರು ಅಡ್ಡ ಬಿದ್ದರೂ, ಅಂದರೆ ತಲೆಯ ಮುಂದೆ ಮಧ್ಯದ ಗೆರೆ ದಾಟಿ ಆ ಕಡೆಗೆ ಹೋದರೂ, ಇಲ್ಲ ನೀರು ಎಳೆಯುವಾಗ ಮೊಣಕೈ ಕುಸಿದರೂ ಭುಜದ ಒಳಗಿನ ಸ್ನಾಯುರಜ್ಜುಗಳು ಉಜ್ಜಿ ಉಜ್ಜಿ ಊದಿಕೊಳ್ಳುತ್ತವೆ. ಈಜುಗಾರರ ಭುಜ ಅಂತಲೇ ಇದಕ್ಕೆ ಹೆಸರು ಇದೆ, ಅಷ್ಟು ಸಾಮಾನ್ಯ. ಬ್ರೆಸ್ಟ್‌ಸ್ಟ್ರೋಕ್ ಮಕ್ಕಳಿಗೆ ಇದೇ ಥರ ಮಂಡಿಯ ಒಳಭಾಗ ಕೈಕೊಡುತ್ತೆ.

ಮಗಳಿಗೆ ಶುರುವಾಗಿದ್ದು ಪ್ರಾಕ್ಟೀಸ್ ಮುಗಿದ ಮೇಲಿನ ಸಣ್ಣ ನೋವಿನಿಂದ. ಆಮೇಲೆ ಈಜುವಾಗಲೂ. ಆಮೇಲೆ ರಾತ್ರಿ ಬಲ ಮಗ್ಗುಲಿಗೆ ಮಲಗಿದರೆ ಎಚ್ಚರ ಆಗೋದು. ಒಂದು ಬೆಳಿಗ್ಗೆ ಜಡೆ ಹಾಕಿಕೊಳ್ಳಲು ಕೈ ಎತ್ತಿದವಳು ಅರ್ಧಕ್ಕೇ ಇಳಿಸಿದಳು. ಎಡಗೈಯಲ್ಲಿ ಬಲಗೈಯ ಮೊಣಕೈಯನ್ನು ಮೇಲಕ್ಕೆ ತಳ್ಳಿ ಹಿಡಿದು, ಹಾಗೇ ಬಾಚಣಿಗೆ ಆಡಿಸುತ್ತಿದ್ದಳು. ನಾನು ನೋಡುತ್ತಿದ್ದೇನೆ ಅಂತ ಗೊತ್ತಾದ ತಕ್ಷಣ ಬಾಚಣಿಗೆ ಕೆಳಗಿಟ್ಟು “ಏನಿಲ್ಲ ಅಮ್ಮ, ಸರ್‌ಗೆ ಹೇಳ್ಬೇಡ” ಅಂದಳು. ನೋವಿಗಿಂತ ಸರ್‌ಗೆ ಗೊತ್ತಾಗುವುದೇ ಅವಳಿಗೆ ದೊಡ್ಡ ಭಯ ಆಗಿತ್ತು.

ಅವತ್ತೇ ಹೋಗಿ ಕೇಳಿದೆ. “ನೋವಿಲ್ಲದೆ ಪದಕ ಬರಲ್ಲ ಮೇಡಂ. ಸರಿ, ಕೈಗೆ ರೆಸ್ಟ್ ಕೊಡೋಣ, ಬರೀ ಕಿಕ್ ಮಾಡಲಿ” ಅಂದರು. ಕೇಳಿದರೆ ನ್ಯಾಯವಾಗಿಯೇ ಇದೆ ಅನ್ನಿಸುತ್ತೆ ಅಲ್ವಾ? ಕಿಕ್‌ಬೋರ್ಡ್ ಹಿಡಿದು ಕಿಲೋಮೀಟರುಗಟ್ಟಲೆ ಕಿಕ್. ನೋವು ಇನ್ನೂ ಜಾಸ್ತಿ ಆಯಿತು. ಕೊನೆಗೆ ಡಾಕ್ಟರ ಹತ್ತಿರ ಹೋದಾಗ ಅವರ ಜೊತೆಗಿದ್ದ ಫಿಸಿಯೊ ಕೇಳಿದ ಮೊದಲ ಪ್ರಶ್ನೆಯೇ “ಬೋರ್ಡ್ ಹಿಡ್ಕೊಂಡು ಕಿಕ್ ಮಾಡ್ತಾ ಇದ್ದಾಳಾ?” ಎರಡೂ ಕೈ ಮುಂದೆ ಚಾಚಿ ಬೋರ್ಡ್ ಮೇಲೆ ಭಾರ ಹಾಕಿದಾಗ ಊದಿಕೊಂಡ ಜಾಗವೇ ಒತ್ತಿಹೋಗುತ್ತೆ. ಕಿಕ್ ಮಾಡಲೇಬೇಕಿದ್ದರೆ ಬೋರ್ಡ್ ಬೇಡ, ಕೈ ಪಕ್ಕಕ್ಕೆ ಇಟ್ಟುಕೊಂಡು ಮಾಡಲಿ, ಅಂಗಾತ ಮಲಗಿದರೂ ಆಗುತ್ತೆ ಅಂದರು. ಈ ಒಂದು ವಿಷಯ ನೆನಪಿಟ್ಟುಕೊಳ್ಳಿ. ಭುಜ ನೋಯುವ ಮಗುವಿಗೆ ‘ರೆಸ್ಟ್’ ಅಂತ ಕಿಕ್‌ಬೋರ್ಡ್ ಕೊಡುವ ಕೋಚ್ ಮಗುವಿನ ಭುಜವನ್ನು ನೋಡಿಯೇ ಇಲ್ಲ.

ಡಾಕ್ಟರು ಚೀಟಿ ಬರೆದು ಕೊಟ್ಟರು. ಭುಜ ಸರಿಯಾಗುವವರೆಗೆ ಬಟರ್‌ಫ್ಲೈ ಬೇಡ, ಪ್ಯಾಡಲ್ ಬೇಡ, ಈಜುವ ದೂರ ಅರ್ಧ. ಕೋಚ್ ಆ ಚೀಟಿಯನ್ನು ಓದಲಿಲ್ಲ, ಮಡಚಿ ಜೇಬಿಗೆ ಹಾಕಿಕೊಂಡರು. ಮಾರನೇ ದಿನ ಮಗಳು ಬಂದು ಹೇಳಿದ ಸೆಟ್‌ನಲ್ಲಿ, ಅಂದರೆ ಅವತ್ತು ಈಜಿಸಿದ ಪಟ್ಟಿಯಲ್ಲಿ, ಬಟರ್‌ಫ್ಲೈ ಇತ್ತು.

ಈ ಹೊತ್ತಿಗೆ ಅವಳು ಇನ್ನೊಂದು ವಿಷಯವನ್ನೂ ಬಾಯಿ ಬಿಟ್ಟಳು, ಅದೂ ಏನೋ ಮಾಮೂಲಿ ಸುದ್ದಿ ಹೇಳುವ ಹಾಗೆ. “ಇವತ್ತು ಉಸಿರು ಕಟ್ಟೋ ಸೆಟ್‌ನಲ್ಲಿ ಒಬ್ಬನಿಗೆ ಕಣ್ಣು ಕತ್ತಲೆ ಬಂತು, ಸರ್ ಎಳ್ಕೊಂಡ್ರು.” ವಿಚಾರಿಸಿದರೆ ಅದು ಶಿಕ್ಷೆಯಂತೆ. ತಡವಾಗಿ ಬಂದರೆ, ಮಾತಾಡಿದರೆ ನೀರಿನ ಅಡಿಯಲ್ಲೇ ಒಂದು ಲ್ಯಾಪ್, ವಾಪಸ್ ಇನ್ನೊಂದು. ಮಧ್ಯದಲ್ಲಿ ಯಾರಾದರೂ ತಲೆ ಎತ್ತಿದರೆ ಇಡೀ ಲೇನ್ ಮತ್ತೆ ಮೊದಲಿಂದ. ಹೋಗುವ ಮುಂಚೆ ಜೋರಾಗಿ ಹತ್ತಾರು ಸಲ ಉಸಿರಾಡಿಕೊಳ್ಳಿ, ಆಗ ಸುಲಭ ಅಂತ ಉಪಾಯ ಬೇರೆ.

ಇದು ಮಕ್ಕಳ ಪ್ರಾಣ ತೆಗೆಯುವ ಉಪಾಯ. ಉಸಿರಾಡಲೇಬೇಕು ಅನ್ನುವ ಚಡಪಡಿಕೆ ಬರುವುದು ಮುಖ್ಯವಾಗಿ ರಕ್ತದಲ್ಲಿ ಕಾರ್ಬನ್ ಡೈಆಕ್ಸೈಡ್ ಏರಿದಾಗ. ಜೋರಾಗಿ ಉಸಿರಾಡಿ ಅದನ್ನು ಮೊದಲೇ ಹೊರಹಾಕಿದರೆ ಚಡಪಡಿಕೆ ತಡವಾಗುತ್ತೆ, ಆದರೆ ಆಮ್ಲಜನಕ ತನ್ನ ಪಾಡಿಗೆ ಇಳಿಯುತ್ತಲೇ ಇರುತ್ತೆ. ಹಾಗಾಗಿ ಯಾವ ಮುನ್ಸೂಚನೆಯೂ ಇಲ್ಲದೆ ಪ್ರಜ್ಞೆ ಹೋಗಿಬಿಡುತ್ತೆ. ನೀರಿನಡಿ ಇರುವವರು ಒದ್ದಾಡುವುದೂ ಇಲ್ಲ, ಮೇಲಿಂದ ನೋಡಿದರೆ ಈಜುತ್ತಿದ್ದಾರೆ ಅಂತಲೇ ಅನ್ನಿಸುತ್ತೆ. ಎದೆಮಟ್ಟದ ನೀರಿನಲ್ಲೂ ಆಗುತ್ತೆ. ಚೆನ್ನಾಗಿ ಈಜು ಬರುವವರಿಗೇ ಇದರ ಅಪಾಯ ಜಾಸ್ತಿ, ಯಾಕೆಂದರೆ ಅವರೇ ಹಟ ಹಿಡಿದು ಮುಂದೆ ಹೋಗುವವರು. ಇಷ್ಟಕ್ಕೂ ಸ್ಪರ್ಧೆಯಲ್ಲಿ ಇದರ ಅಗತ್ಯವಾದರೂ ಏನು? ಫ್ರೀಸ್ಟೈಲ್, ಬ್ಯಾಕ್‌ಸ್ಟ್ರೋಕ್, ಬಟರ್‌ಫ್ಲೈ ಮೂರರಲ್ಲೂ ಸ್ಟಾರ್ಟ್ ಅಥವಾ ಟರ್ನ್ ಆದ ಮೇಲೆ 15 ಮೀಟರ್ ಒಳಗೆ ತಲೆ ನೀರಿನ ಮೇಲೆ ಬರಲೇಬೇಕು ಅಂತ ನಿಯಮವೇ ಇದೆ. ಮತ್ತೆ ಮಕ್ಕಳನ್ನು 50 ಮೀಟರ್ ಉಸಿರು ಕಟ್ಟಿಸಿ ಕಳಿಸುವುದು ಯಾವ ರೇಸಿಗೆ?

ಉಳಿದದ್ದನ್ನು ಬೇಗ ಹೇಳಿಬಿಡುತ್ತೇನೆ. ವಾರಕ್ಕೊಂದು ಸಲ ಎಲ್ಲರೆದುರಿಗೆ ತೂಕ ನೋಡಿ ಕೂಗಿ ಹೇಳುವುದು. ಹುಡುಗಿಯರು ಒಮ್ಮೆಲೇ ಎತ್ತರ ಆಗುವುದು ಸಾಮಾನ್ಯವಾಗಿ 11, 12ರ ಹೊತ್ತಿಗೆ, ಹುಡುಗರು ಸುಮಾರು ಎರಡು ವರ್ಷ ತಡವಾಗಿ. ಆಗ ತೂಕ ಏರಲೇಬೇಕು. ಕೈಕಾಲು ಉದ್ದ ಆದಾಗ ಈಜಿನ ಹಿಡಿತ ತಪ್ಪಿ ಕೆಲವು ತಿಂಗಳು ಟೈಮಿಂಗ್ ನಿಂತುಹೋಗುವುದೂ ಉಂಟು. ಅದನ್ನು ಸೋಮಾರಿತನ ಅಂತ ಬೈದು ಊಟ ಬಿಡಿಸಿದರೆ ಏನಾಗುತ್ತೆ ಗೊತ್ತಾ? ಖರ್ಚಾಗುವಷ್ಟು ಶಕ್ತಿ ಊಟದಿಂದ ಸಿಗದೆ ದೇಹ ಸೊರಗುತ್ತೆ, ಮುಟ್ಟು ನಿಲ್ಲುತ್ತೆ, ಮೂಳೆ ಸವೆಯುತ್ತೆ. ಅಂತರರಾಷ್ಟ್ರೀಯ ಒಲಿಂಪಿಕ್ ಸಮಿತಿ 2014ರಲ್ಲೇ ಇದಕ್ಕೆ ರೆಡ್-ಎಸ್ ಅಂತ ಹೆಸರಿಟ್ಟು ಎಚ್ಚರಿಸಿದೆ.

ಆಮೇಲೆ ಲೇಬಲ್ ಇಲ್ಲದ ಡಬ್ಬಿಯಲ್ಲಿ ಒಂದು ಪುಡಿ. ‘ಎನರ್ಜಿಗೆ’ ಅಂತ. ಯಾರು ಕೊಟ್ಟರೂ ಕುಡಿಸಬೇಡಿ. ಮಾಮೂಲಿ ಔಷಧಿಯೇ ಆಟಗಾರರನ್ನು ಮುಳುಗಿಸಿದ್ದಿದೆ. 1972ರ ಮ್ಯೂನಿಕ್ ಒಲಿಂಪಿಕ್ಸ್‌ನಲ್ಲಿ ಅಮೆರಿಕದ ರಿಕ್ ಡಿಮಾಂಟ್ ಅನ್ನುವ 16 ವರ್ಷದ ಹುಡುಗ 400 ಮೀಟರ್ ಫ್ರೀಸ್ಟೈಲ್ ಚಿನ್ನ ಗೆದ್ದು ಕಳೆದುಕೊಂಡ. ಅವನು ತೆಗೆದುಕೊಂಡಿದ್ದು ಅಸ್ತಮಾ ಮಾತ್ರೆ, ಅದರಲ್ಲಿ ಎಫೆಡ್ರಿನ್ ಅನ್ನುವ ನಿಷೇಧಿತ ಉದ್ದೀಪನ ಮದ್ದು ಇತ್ತು. ಔಷಧಿಯ ವಿಷಯ ತಂಡದವರಿಗೆ ಬರೆದುಕೊಟ್ಟಿದ್ದ, ದೊಡ್ಡವರು ಮುಂದಿನ ಕೆಲಸ ಮಾಡಲಿಲ್ಲ, ಪದಕ ಹೋಗಿದ್ದು ಹುಡುಗನದು.

ಕೋಚ್ ರಾತ್ರಿ ಹೊತ್ತು ಮಗುವಿನ ಫೋನಿಗೇ ನೇರವಾಗಿ ಮೆಸೇಜ್ ಕಳಿಸುತ್ತಿದ್ದರು. “ಇದು ನಮ್ಮಿಬ್ಬರಲ್ಲೇ ಇರಲಿ” ಅಂತ ಒಂದು ಇತ್ತು. ಅದರಲ್ಲಿ ಇದ್ದದ್ದು ಬರೀ ಪ್ರಾಕ್ಟೀಸ್ ವಿಷಯವೇ, ಆದರೂ ನನಗೆ ಅಷ್ಟು ಸಾಕಾಗಿತ್ತು. ಕೋಚ್ ಮಗುವಿಗೆ ಕಳಿಸುವ ಪ್ರತಿ ಮೆಸೇಜಿನಲ್ಲೂ ಅಪ್ಪ ಅಮ್ಮ ಇರಬೇಕು, ಕೋಚ್ ಮತ್ತು ಮಗು ಇಬ್ಬರೇ ಇರುವಾಗ ಯಾರು ಬೇಕಾದರೂ ನೋಡುವಂತಿರಬೇಕು, ಮಧ್ಯೆ ಬರುವಂತಿರಬೇಕು. ಅಮೆರಿಕದಲ್ಲಿ ಇದನ್ನು ನಿಯಮ ಮಾಡಿಯೇ ಇಟ್ಟಿದ್ದಾರೆ. ನಿಮ್ಮ ಕ್ಲಬ್ಬಿನಲ್ಲಿ ಬರೆದಿಟ್ಟಿಲ್ಲದಿದ್ದರೆ ನೀವೇ ಕೇಳಿ ಬರೆಸಿ.

ಬಿಡಿಸಿದೆವು. ಆಗ ಬಂದ ಮಾತುಗಳು ಕೋಚ್‌ದಕ್ಕಿಂತ ಬೇರೆ ಮಕ್ಕಳ ಅಪ್ಪ ಅಮ್ಮಂದಿರದೇ ಜಾಸ್ತಿ. ಉಸಿರು ಕಟ್ಟಿಸುವ ವಿಷಯ ನಾನು ಎತ್ತಿದಾಗ “ನಿಮ್ಮ ಮಗಳಿಗೆ ತಾಕತ್ತಿಲ್ಲ ಅಂತ ನಮ್ಮ ಮಕ್ಕಳ ಟ್ರೈನಿಂಗ್ ಯಾಕೆ ಹಾಳು ಮಾಡ್ತೀರಾ” ಅಂದವರಲ್ಲಿ ಆ ಕಣ್ಣು ಕತ್ತಲೆ ಬಂದ ಹುಡುಗನ ಅಪ್ಪನೂ ಒಬ್ಬರು. ಏನು ಹೇಳೋಣ. ಕೋಚ್ ಹೇಳಿದ್ದು ಇಷ್ಟು, “ಈ ವಯಸ್ಸಲ್ಲಿ ಬಿಟ್ಟರೆ ಮುಗೀತು ಮೇಡಂ, ವಾಪಸ್ ಬರಕ್ಕಾಗಲ್ಲ.” ಇದು ಶುದ್ಧ ಹೆದರಿಕೆ ಹುಟ್ಟಿಸುವ ಮಾತು. ಆಂಥನಿ ಎರ್ವಿನ್ 2000ದ ಸಿಡ್ನಿಯಲ್ಲಿ 50 ಮೀಟರ್ ಫ್ರೀಸ್ಟೈಲ್ ಚಿನ್ನ ಹಂಚಿಕೊಂಡವರು, ಆಮೇಲೆ ಈಜನ್ನೇ ಬಿಟ್ಟು ವರ್ಷಗಟ್ಟಲೆ ದೂರ ಇದ್ದರು, ವಾಪಸ್ ಬಂದು 2016ರ ರಿಯೋದಲ್ಲಿ ಅದೇ ರೇಸನ್ನು 35ನೇ ವಯಸ್ಸಿನಲ್ಲಿ ಮತ್ತೆ ಗೆದ್ದರು. ಎಲ್ಲರೂ ಎರ್ವಿನ್ ಆಗಲ್ಲ, ಒಪ್ಪುತ್ತೇನೆ. ಆದರೆ 12 ವರ್ಷದ ಮಗು ಕೆಲವು ತಿಂಗಳು ಭುಜಕ್ಕೆ ಬಿಡುವು ಕೊಟ್ಟರೆ ಯಾವ ಬಾಗಿಲೂ ಮುಚ್ಚುವುದಿಲ್ಲ.

ಈಗ ಬೇರೆ ಕಡೆ ಈಜುತ್ತಿದ್ದಾಳೆ. ಬಟರ್‌ಫ್ಲೈ ಇನ್ನೂ ಶುರು ಮಾಡಿಲ್ಲ. ಹೊಸ ಕೋಚ್ ಕೂಡ ನಮ್ಮನ್ನು ಪೂಲ್ ಅಂಚಿಗೆ ಬಿಡುವುದಿಲ್ಲ, ಆದರೆ ಗ್ಯಾಲರಿ ತೆರೆದಿರುತ್ತೆ, ಫಿಸಿಯೊ ಕೊಟ್ಟ ಚೀಟಿಯನ್ನು ಅವರೇ ಕೇಳಿ ಇಸ್ಕೊಂಡು ಎರಡು ಪ್ರಶ್ನೆ ವಾಪಸ್ ಬರೆದು ಕಳಿಸಿದರು. ರೇಸ್ ಮುಗಿದ ತಕ್ಷಣ ಮಗು ಮೊದಲು ನಿಧಾನವಾಗಿ ಒಂದಷ್ಟು ಈಜಿ ಮೈ ಆರಿಸಿಕೊಳ್ಳಲಿ, ಆಮೇಲೆ ನನ್ನ ಹತ್ತಿರ ಬರಲಿ, ನೀವು ಊಟದ ಬಗ್ಗೆ ಮಾತ್ರ ಕೇಳಿ ಅಂತ ನಮಗೂ ಪಾಠ ಮಾಡಿದ್ದಾರೆ.

ಕ್ಲಬ್ ಬಿಡಬೇಕು ಅಂತ ಇರುವವರಿಗೆ ಒಂದು ಮಾತು. ಜಗಳ ಆಡುವ ಮುಂಚೆ ಕಾಗದಪತ್ರ ನೋಡಿಕೊಳ್ಳಿ. ಕೆಲವು ಕಡೆ ಕ್ಲಬ್ ಬದಲಾಯಿಸಿದರೆ ಇಂತಿಷ್ಟು ದಿನ ಹೊಸ ಕ್ಲಬ್ಬಿನ ಹೆಸರಲ್ಲಿ ಮೀಟ್‌ಗೆ ಇಳಿಯುವಂತಿಲ್ಲ ಅಂತ ನಿಯಮ ಇರುತ್ತೆ, ಹಳೇ ಕ್ಲಬ್ಬಿನ ಒಪ್ಪಿಗೆ ಪತ್ರ ಕೇಳುವುದೂ ಇದೆ. ಮೀಟ್‌ಗಳ ಅಧಿಕೃತ ಫಲಿತಾಂಶದ ಹಾಳೆಗಳನ್ನು ನಿಮ್ಮ ಹತ್ತಿರವೇ ಒಂದು ಪ್ರತಿ ಇಟ್ಟುಕೊಳ್ಳಿ, ಡಾಕ್ಟರ ಚೀಟಿಯನ್ನು ಕೊಡುವ ಮುಂಚೆ ಫೋಟೊ ತೆಗೆದುಕೊಳ್ಳಿ, ಮೆಸೇಜ್‌ಗಳನ್ನು ಸಿಟ್ಟಲ್ಲಿ ಅಳಿಸಬೇಡಿ. ನಾವು ದೂರು ಕೊಟ್ಟಾಗ ಮೊದಲು ಕೇಳಿದ್ದು ಅವನ್ನೇ.